ಮುಗ್ಗಟ್ಟಿನ ಕಾಲದ ಹಾಡುಚಿತ್ರ: ಆರಂಭದ ಕನ್ನಡ ವಾಕ್ಚಿತ್ರ ಮತ್ತು ಉಡುಪಿ ಪರಿಸರ

ಆರ್ಥಿಕ ಸಂಕಷ್ಟದ ಕಾಲದಲ್ಲಿ ಹಾಡು-ಕುಣಿತಗಳ ಚಲನಚಿತ್ರ ಹುಲುಸಾಗಿ ಬೆಳೆಯುತ್ತದೆ ಎಂಬ ಮಾತು ಚಲನಚಿತ್ರ ಚರಿತ್ರೆಯಲ್ಲಿ ಬಹುಮಟ್ಟಿಗೆ ಒಪ್ಪಿತವಾದ ಸೂತ್ರವಾಗಿದೆ. ಹಸಿದವನಿಗೆ ಅನ್ನ ಕೊಡಲಾರದ ಕಾಲ ಕನಸನ್ನಾದರೂ ಕೊಡುತ್ತದೆ ಎಂಬುದು ಅದರ ತಿರುಳು. ಈ ಸೂತ್ರ ಹುಟ್ಟಿದ್ದು 1929ರ ಷೇರುಪೇಟೆ ಕುಸಿತದ ನಂತರದ ಅಮೆರಿಕದ ಅನುಭವದಿಂದ. ಕನ್ನಡದ ಮೊದಲ ವಾಕ್ಚಿತ್ರಗಳು ಬಂದುದೂ ಅದೇ ದಶಕದಲ್ಲಿ. ಅವೂ ಹಾಡುಗಳಿಂದ ಕಿಕ್ಕಿರಿದಿದ್ದವು. ಹೀಗಾಗಿ ಅದೇ ವಿವರಣೆಯನ್ನು ಇಲ್ಲಿಗೂ ಅನ್ವಯಿಸುವುದು ಸುಲಭವಾಗಿ ಕಾಣುತ್ತದೆ. ಆದರೆ ಹಾಗೆ ಅನ್ವಯಿಸಿದಾಗ ಕನ್ನಡದ ಸಂದರ್ಭದಲ್ಲಿ ಹಾಡು ಮಾಡಿದ ಕೆಲಸವೇ ಮರೆಯಾಗುತ್ತದೆ. ಆ ಕೆಲಸವನ್ನು ಹಳೆಯ ದಕ್ಷಿಣ ಕನ್ನಡ ಜಿಲ್ಲೆಯ ಉಡುಪಿ, ಕಾಪು, ಕಾರ್ಕಳ ಪರಿಸರದ ಆರ್ಥಿಕ ಮತ್ತು ರಂಗಭೂಮಿ ಚರಿತ್ರೆಯ ಮುಖಾಮುಖಿಯಲ್ಲಿ ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಅಮೆರಿಕದ ಉದಾಹರಣೆಯನ್ನೇ ನೋಡಬಹುದು. ಧ್ವನಿ ಬಂದ ಹೊಸತರಲ್ಲಿ, 1929-30ರಲ್ಲಿ, ಹಾಲಿವುಡ್ ಹಾಡುಚಿತ್ರಗಳನ್ನು ರಾಶಿ ಹಾಕಿತು. ಪ್ರೇಕ್ಷಕರು ಬೇಗನೆ ಬೇಸತ್ತರು. ಮುಗ್ಗಟ್ಟು ತಾನಾಗಿಯೇ ಹಾಡನ್ನು ಬೆಳೆಸುವುದಾದರೆ 1931-32ರಲ್ಲಿ ಆ ಪ್ರಕಾರ ಸೊರಗಬಾರದಿತ್ತು. ಅದು ಮತ್ತೆ ಚೇತರಿಸಿಕೊಂಡದ್ದು 1933ರಲ್ಲಿ, ವಾರ್ನರ್ ಸಂಸ್ಥೆಯ 'ಫಾರ್ಟಿಸೆಕೆಂಡ್ ಸ್ಟ್ರೀಟ್' ಮತ್ತು 'ಗೋಲ್ಡ್ ಡಿಗರ್ಸ್ ಆಫ್ 1933' ಚಿತ್ರಗಳಿಂದ. ಎರಡನೆಯ ಚಿತ್ರ ನಾಣ್ಯಗಳ ವೇಷ ತೊಟ್ಟ ನರ್ತಕಿಯರು ಸಿರಿತನವನ್ನು ಹೊಗಳಿ ಹಾಡುವುದರೊಂದಿಗೆ ಆರಂಭವಾಗುತ್ತದೆ. ಹಾಡು ಮುಗಿಯುವ ಮೊದಲೇ ಸಾಲಗಾರರ ಪರವಾಗಿ ಬಂದ ಅಧಿಕಾರಿಗಳು ರಂಗದ ಸಾಮಾನುಗಳನ್ನು ಜಪ್ತಿ ಮಾಡುತ್ತಾರೆ. ಕೊನೆಯ ಹಾಡು ಮಹಾಯುದ್ಧದಿಂದ ಮರಳಿ, ಕೆಲಸವಿಲ್ಲದೆ ಉಚಿತ ಆಹಾರದ ಸಾಲಿನಲ್ಲಿ ನಿಂತ ಸೈನಿಕರನ್ನು ಕುರಿತದ್ದು. ಜರ್ಮನಿಯಲ್ಲಿ 1930ರಲ್ಲಿ ಬಂದ ವಿಲ್‌ಹೆಲ್ಮ್ ಥೀಲೆಯ ಗೀತಚಿತ್ರವೊಂದರಲ್ಲಿ ದಿವಾಳಿಯಾದ ಮೂವರು ಗೆಳೆಯರು ಕಾರು ಮಾರಿ ಪೆಟ್ರೋಲ್ ಬಂಕ್ ತೆರೆಯುತ್ತಾರೆ. ಇಂಥ ಪಠ್ಯಗಳನ್ನು ಕೇವಲ 'ಪಲಾಯನ' ಎನ್ನುವುದು ಕಷ್ಟ. ಕಷ್ಟದ ಕಾಲ ಈ ಹಾಡುಗಳ ಒಳಗೇ ಇದೆ.

ಭಾರತದಲ್ಲಿ ಸ್ಥಿತಿ ಇನ್ನಷ್ಟು ಭಿನ್ನ. ಮೊದಲ ವಾಕ್ಚಿತ್ರ 'ಆಲಂ ಆರಾ' ತೆರೆಕಂಡದ್ದು 1931ರ ಮಾರ್ಚ್ 14ರಂದು. ಅದರಲ್ಲಿ ಏಳು ಹಾಡುಗಳಿದ್ದವು. ಮರುವರ್ಷದ 'ಇಂದ್ರಸಭಾ'ದಲ್ಲಿ ಹಾಡುಗಳ ಸಂಖ್ಯೆ ಎಪ್ಪತ್ತರ ಆಸುಪಾಸಿಗೆ ಏರಿತು. ತಮಿಳಿನ 'ಕಾಳಿದಾಸ್' 1931ರಲ್ಲಿ, ತೆಲುಗಿನ 'ಭಕ್ತ ಪ್ರಹ್ಲಾದ' 1932ರಲ್ಲಿ ಬಂದವು. ಹಾಲಿವುಡ್‌ನಲ್ಲಿ ಹಾಡುಚಿತ್ರವೆಂಬುದು ಹಲವು ಪ್ರಕಾರಗಳಲ್ಲಿ ಒಂದು. ಇಲ್ಲಿ ಹಾಗಲ್ಲ, ವಾಕ್ಚಿತ್ರವೆಂದರೆ ಹಾಡುಚಿತ್ರವೇ. ಹಾಡಿಲ್ಲದ ಚಿತ್ರವೊಂದು ಪಕ್ಕದಲ್ಲಿದ್ದು ಜನ ಹಾಡಿನ ಚಿತ್ರವನ್ನು ಆರಿಸಿಕೊಂಡರು ಎನ್ನಲು ಆಯ್ಕೆಯೇ ಇರಲಿಲ್ಲ. ಆದುದರಿಂದ 'ಜನ ಹಾಡನ್ನು ಏಕೆ ಬಯಸಿದರು' ಎಂಬ ಪ್ರಶ್ನೆಗಿಂತ 'ನಿರ್ಮಾಪಕರಿಗೆ ಹಾಡು ಏಕೆ ಅಗ್ಗವಾಯಿತು' ಎಂಬ ಪ್ರಶ್ನೆ ಇಲ್ಲಿ ಹೆಚ್ಚು ಫಲಪ್ರದ.

ಈ ಪ್ರಶ್ನೆಗೆ ಉತ್ತರ ವೃತ್ತಿರಂಗಭೂಮಿಯಲ್ಲಿದೆ. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡ 'ಸತಿ ಸುಲೋಚನ' ಚಿತ್ರದ ಹಿಂದಿನ ವ್ಯವಸ್ಥೆಯನ್ನು ಗಮನಿಸಬೇಕು. ಬಂಡವಾಳ ಹೂಡಿದವರು ವ್ಯಾಪಾರಿಯಾಗಿದ್ದ ಚಮನ್‌ಲಾಲ್ ಡುಂಗಾಜಿ. ನಿರ್ದೇಶಕ ವೈ.ವಿ. ರಾವ್. ಸಾಹಿತ್ಯ ಬೆಳ್ಳಾವೆ ನರಹರಿಶಾಸ್ತ್ರಿಗಳದು. ರಾವಣನಾಗಿ ಆರ್. ನಾಗೇಂದ್ರರಾಯರು, ಇಂದ್ರಜಿತುವಾಗಿ ಎಂ.ವಿ. ಸುಬ್ಬಯ್ಯನಾಯ್ಡು, ಸುಲೋಚನೆಯಾಗಿ ತ್ರಿಪುರಾಂಬ ಅಭಿನಯಿಸಿದರು. ನಾಗೇಂದ್ರರಾಯರು ಮತ್ತು ಸುಬ್ಬಯ್ಯನಾಯ್ಡು ಇಬ್ಬರೂ ಶ್ರೀ ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಳಿಯ ಪಾಲುದಾರರು. ಚಿತ್ರೀಕರಣ ನಡೆದದ್ದು ಕೊಲ್ಹಾಪುರದ ಸ್ಟುಡಿಯೋದಲ್ಲಿ, ಸುಮಾರು ಎರಡು ತಿಂಗಳ ಅವಧಿಯಲ್ಲಿ. ತಗುಲಿದ ವೆಚ್ಚ ಸುಮಾರು 40,000 ರೂಪಾಯಿ ಎಂದು ಚಲನಚಿತ್ರ ಚರಿತ್ರೆಗಳು ದಾಖಲಿಸಿವೆ.

ಎರಡು ತಿಂಗಳಲ್ಲಿ ಸುಮಾರು ಮೂರು ಗಂಟೆಯ ಚಿತ್ರವೊಂದು ಸಿದ್ಧವಾಗಬೇಕಾದರೆ ಅದರ ಬಹುಪಾಲು ಮೊದಲೇ ಸಿದ್ಧವಾಗಿರಬೇಕು. ನಾಟಕ ಕಂಪೆನಿ ಒದಗಿಸಿದ್ದು ಇದನ್ನೇ. ಕಥೆ ಜನರಿಗೆ ಗೊತ್ತಿತ್ತು. ನಟರು ರಂಗದ ಮೇಲೆ ನೂರಾರು ರಾತ್ರಿ ಹಾಡಿ ಪಳಗಿದವರು. ಹಿನ್ನೆಲೆ ಗಾಯನದ ತಂತ್ರ ಭಾರತೀಯ ಚಿತ್ರಗಳಿಗೆ ಬಂದದ್ದು 1935ರಲ್ಲಿ, ಕಲ್ಕತ್ತೆಯ ನ್ಯೂ ಥಿಯೇಟರ್ಸ್ ಮೂಲಕ. ಅಲ್ಲಿಯವರೆಗೆ ನಟನೇ ಕ್ಯಾಮರಾದ ಎದುರು ಹಾಡಬೇಕಿತ್ತು. ಶ್ರುತಿ ತಪ್ಪಿದರೆ ಫಿಲ್ಮು ವ್ಯರ್ಥ. ಕಚ್ಚಾ ಫಿಲ್ಮು ವಿದೇಶದಿಂದ ಬರುತ್ತಿತ್ತು, ಸ್ಟುಡಿಯೋ ಬಾಡಿಗೆಯದಾಗಿತ್ತು. ಇಂಥ ಕಡೆ ಕಂಪೆನಿ ನಟನ ಪಳಗಿದ ಕಂಠ ಒಂದು ಬಗೆಯ ಉಳಿತಾಯ. ಹೊಸದಾಗಿ ಸಂಭಾಷಣೆ ಬರೆಸಿ, ದೃಶ್ಯ ವಿಭಜನೆ ಮಾಡಿ, ಹೊಸ ನಟರನ್ನು ತರಬೇತುಗೊಳಿಸಿ ಚಿತ್ರ ತೆಗೆಯುವುದೇ ದುಬಾರಿಯ ದಾರಿ. ಹಾಡು ಚಿತ್ರದ ವೈಭವವಾಗಿ ಕಂಡರೂ ಲೆಕ್ಕದ ಪುಸ್ತಕದಲ್ಲಿ ಅದು ಮಿತವ್ಯಯದ ಬಾಬತ್ತು.

ಅದೇ ವರ್ಷದ 'ಭಕ್ತ ಧ್ರುವ'ದ ಹಿಂದೆ ಎ.ವಿ. ವರದಾಚಾರ್ಯರ ರತ್ನಾವಳಿ ಕಂಪೆನಿಯ ನಾಟಕವಿತ್ತು. 1935ರ 'ಸದಾರಮೆ' ಗುಬ್ಬಿ ವೀರಣ್ಣನವರದು. ಅವರ ಕಳ್ಳನ ಪಾತ್ರ ಆ ವೇಳೆಗಾಗಲೇ ನಾಡಿಗೆ ಪರಿಚಿತ. 1936ರ 'ಸಂಸಾರ ನೌಕೆ' ಎಚ್.ಎಲ್.ಎನ್. ಸಿಂಹ ಅವರ ನಿರ್ದೇಶನದಲ್ಲಿ, ಬಿ.ಆರ್. ಪಂತುಲು ಮತ್ತು ಎಂ.ವಿ. ರಾಜಮ್ಮ ಅವರ ಅಭಿನಯದಲ್ಲಿ ಬಂದಿತು. ಇದು ಕನ್ನಡದ ಮೊದಲ ಸಾಮಾಜಿಕ ಚಿತ್ರವೆಂದು ಗುರುತಿಸಲ್ಪಟ್ಟಿದೆ. ಆದರೆ ಇದೂ ಮೊದಲು ರಂಗದ ಮೇಲೆ ಗೆದ್ದ ನಾಟಕವೇ. ಪುರಾಣದಿಂದ ಸಂಸಾರಕ್ಕೆ ವಸ್ತು ಹೊರಳಿತು, ಬಂಡವಾಳದ ಸ್ವರೂಪ ಹೊರಳಲಿಲ್ಲ. ಅನಂತರದ ವರ್ಷಗಳಲ್ಲಿ ಕನ್ನಡ ಚಿತ್ರಗಳ ಸಂಖ್ಯೆ ತೀರ ಇಳಿಯಿತೆಂಬುದನ್ನು ಗಮನಿಸಿದರೆ, ಕಷ್ಟಕಾಲ ಹಾಡುಚಿತ್ರವನ್ನು ಪೋಷಿಸಿತು ಎಂಬ ಸೂತ್ರ ಇನ್ನಷ್ಟು ಸಡಿಲವಾಗುತ್ತದೆ.

ಇಷ್ಟು ಮೈಸೂರು ಸಂಸ್ಥಾನದ ಕಡೆಯ ಮಾತು. ಉಡುಪಿ ಆಗ ಮದರಾಸು ಅಧಿಪತ್ಯಕ್ಕೆ ಸೇರಿದ್ದಿತು. ಬೆಂಗಳೂರಿನಲ್ಲಿ ತೆರೆಕಂಡ ಕನ್ನಡ ಚಿತ್ರ ಭಾಷೆಯಿಂದ ತನ್ನದಾದರೂ ಆಡಳಿತದಿಂದ ಬೇರೆ ಸೀಮೆಯದು. ಮೇಲಾಗಿ ಇಲ್ಲಿನ ಬಹುಸಂಖ್ಯಾತರ ಮನೆಮಾತು ತುಳು. ಈ ಪ್ರದೇಶದ ಸಂಕಷ್ಟ 1929ಕ್ಕೆ ಮೊದಲೇ ಶುರುವಾಗಿತ್ತು. ಕೈಮಗ್ಗದ ನೇಕಾರರು ಬಿಕ್ಕಟ್ಟಿಗೆ ಸಿಕ್ಕಿದ್ದರು. ಅವರಿಗೆ ನೆರವಾಗುವ ಆಶಯದಿಂದಲೇ 1925ರಲ್ಲಿ ಉಪೇಂದ್ರ ಪೈ, ವಾಮನ ಕುಡ್ವ ಮತ್ತು ಟಿ.ಎಂ.ಎ. ಪೈ ಅವರು ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟನ್ನು ಸ್ಥಾಪಿಸಿದರು. ಆರಂಭದ ಬಂಡವಾಳ 8,000 ರೂಪಾಯಿ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಗಿ, ಮಣಿಪಾಲದಲ್ಲಿ ಕೇಂದ್ರ ಕಚೇರಿ ಹೊಂದಿ, 2020ರಲ್ಲಿ ಕೆನರಾ ಬ್ಯಾಂಕಿನೊಂದಿಗೆ ವಿಲೀನಗೊಂಡ ಸಂಸ್ಥೆ ಇದು. 1928ರಲ್ಲಿ ಅದು ಆರಂಭಿಸಿದ ಪಿಗ್ಮಿ ಠೇವಣಿ ಈ ಲೇಖನದ ದೃಷ್ಟಿಯಿಂದ ಮುಖ್ಯ. ಪ್ರತಿನಿಧಿಯೊಬ್ಬ ದಿನವೂ ಮನೆ ಬಾಗಿಲಿಗೆ, ಅಂಗಡಿಯ ಕಟ್ಟೆಗೆ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸುತ್ತಿದ್ದ.

ಎರಡಾಣೆಯನ್ನು ದಿನವೂ ಕೂಡಿಡುವ ಜನಕ್ಕೆ ಆಟದ ಟಿಕೇಟು ಏನಾಗಿ ಕಂಡಿದ್ದೀತು? 1929ರ ನಂತರ ಭಾರತದಲ್ಲಿ ಕೃಷಿ ಉತ್ಪನ್ನಗಳ ಬೆಲೆ ಕೆಲವೇ ವರ್ಷಗಳಲ್ಲಿ ಅರ್ಧದ ಸಮೀಪಕ್ಕೆ ಕುಸಿಯಿತು. ತೀರ್ವೆ ಮಾತ್ರ ನಗದಿನಲ್ಲಿ ನಿಗದಿಯಾಗಿತ್ತು. ಅಷ್ಟೇ ತೀರ್ವೆ ಕಟ್ಟಲು ಹೆಚ್ಚು ಮುಡಿ ಅಕ್ಕಿ ಮಾರಬೇಕಾಯಿತು. ಮೂಲಗೇಣಿ, ಚಾಲಗೇಣಿಗಳ ಒಕ್ಕಲು ವ್ಯವಸ್ಥೆಯಲ್ಲಿ ಈ ಭಾರ ಕೆಳಕೆಳಗೆ ಸರಿಯಿತು. ನಗದು ನಾಣ್ಯ ಅಪರೂಪವಾದಾಗ ಅದರ ಮೇಲೆ ಹಕ್ಕು ಸಾಧಿಸುವವರು ಹಲವರು. 1934ರ ಫೆಬ್ರವರಿ ಕೊನೆಯಲ್ಲಿ ಗಾಂಧೀಜಿ ಹರಿಜನ ನಿಧಿಗಾಗಿ ಉಡುಪಿಗೆ ಬಂದರು. ಅದಾದ ಕೆಲವೇ ದಿನಗಳಿಗೆ ಬೆಂಗಳೂರಿನಲ್ಲಿ 'ಸತಿ ಸುಲೋಚನ' ತೆರೆಕಂಡಿತು. ಎರಡೂ ಘಟನೆಗಳಿಗೆ ನೇರ ಸಂಬಂಧವಿಲ್ಲ. ಆದರೆ ಬ್ಯಾಂಕು, ಚಳವಳಿ, ಚಿತ್ರಮಂದಿರ ಮೂರೂ ಒಂದೇ ಕಾಲದಲ್ಲಿ ಬಡವನ ಸಣ್ಣ ನಾಣ್ಯದ ಬಲವನ್ನು ಕಂಡುಕೊಂಡವೆಂಬುದು ಆಕಸ್ಮಿಕವಾಗಿ ತೋರುವುದಿಲ್ಲ.

ಇದೇ ಸಂದರ್ಭದಲ್ಲಿ ಜಿಲ್ಲೆಯ ಪ್ರದರ್ಶನ ಪರಂಪರೆಯನ್ನು ಪರಿಶೀಲಿಸಬೇಕು. ಇಲ್ಲಿನ ಪ್ರೇಕ್ಷಕನಿಗೆ ರಾತ್ರಿಯಿಡೀ ಹಾಡಿನ ಮೂಲಕ ಸಾಗುವ ಕಥೆ ಹೊಸದಲ್ಲ. ಯಕ್ಷಗಾನದಲ್ಲಿ ಭಾಗವತನ ಪದ್ಯವೇ ಕಥೆಯನ್ನು ನಡೆಸುತ್ತದೆ, ಅರ್ಥಗಾರಿಕೆ ಅದನ್ನು ಹಿಗ್ಗಿಸುತ್ತದೆ. ಹಾಡು ಬಂದೊಡನೆ ಕಥೆ ನಿಂತಿತು ಎಂದು ಪಾಶ್ಚಾತ್ಯ ವಿಮರ್ಶೆ ದೂರುವುದುಂಟು. ಬಯಲಾಟ ನೋಡಿ ಬೆಳೆದವನಿಗೆ ಹಾಡು ಬಂದಾಗಲೇ ಕಥೆ ಮುಂದಡಿ ಇಡುತ್ತದೆ. ಕಂಪೆನಿ ನಾಟಕದ ಮಾದರಿಯ ಹಾಡುಚಿತ್ರ ಈ ಪರಿಸರದಲ್ಲಿ ಒಗ್ಗದ ವಸ್ತುವಾಗಲು ಸಾಧ್ಯವಿರಲಿಲ್ಲ.

ಹೊಸದಾಗಿದ್ದುದು ಹಣ ಕೊಡುವ ಕ್ರಮ. ಹರಕೆಯ ಬಯಲಾಟದಲ್ಲಿ ಸೇವೆ ಆಡಿಸುವವನು ಒಬ್ಬ, ನೋಡುವವರು ಊರೆಲ್ಲ. ಮಂದಾರ್ತಿ, ಕಟೀಲು ಮೇಳಗಳಲ್ಲಿ ಇಂದಿಗೂ ಈ ಕ್ರಮವೇ ನಡೆದಿದೆ. ಚಿತ್ರಮಂದಿರದಲ್ಲಿ ಒಬ್ಬೊಬ್ಬನೂ ತನ್ನ ಪಾಲು ತೆರಬೇಕು. ಹಾಗೆ ತೆತ್ತವನಿಗೆ ಜಾತಿ-ಅಂತಸ್ತುಗಳ ಹಂಗಿಲ್ಲದ ಒಂದು ಆಸನ, ಕನಿಷ್ಠ ಒಂದು ತುಂಡು ನೆಲ, ಸಿಗುತ್ತದೆ. ಇದು ವಾಕ್ಚಿತ್ರ ತಂದ ಸಾಮಾಜಿಕ ಬದಲಾವಣೆಯೆಂದು ಹೊಗಳುವುದು ವಾಡಿಕೆ. ಅದರ ಇನ್ನೊಂದು ಮುಖವೂ ಇದೆ: ನಾಣ್ಯವಿಲ್ಲದವನು ಹರಕೆಯಾಟದಲ್ಲಿ ಪ್ರೇಕ್ಷಕ, ಚಿತ್ರಮಂದಿರದ ಎದುರು ಕೇವಲ ದಾರಿಹೋಕ. ಬೆಲೆ ಕುಸಿದ ಕಾಲದಲ್ಲಿ ಇಂಥವರು ಎಷ್ಟಿದ್ದರು ಎಂಬುದನ್ನು ಮರೆತು ವಾಕ್ಚಿತ್ರದ ಜನಪ್ರಿಯತೆಯನ್ನು ಬರೆಯುವುದು ಅರ್ಧ ಚರಿತ್ರೆ.

ಯಕ್ಷಗಾನ ಇದಕ್ಕೆ ಕೊಟ್ಟ ಉತ್ತರ ಡೇರೆ ಮೇಳ. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಟಿಕೇಟಿನ ಆಟಗಳು ಬೆಳೆದು, ಸಾಲಿಗ್ರಾಮ ಮೇಳ, ಕೋಟದ ಅಮೃತೇಶ್ವರೀ ಮೇಳಗಳು ಡೇರೆಯೊಳಗೆ ಕುರ್ಚಿ ಹಾಕಿ ಆಡತೊಡಗಿದವು. ಸಿನಿಮಾದ ಮಾರುಕಟ್ಟೆ ಕ್ರಮವನ್ನು ಅನುಸರಿಸಿಯೇ ಸಿನಿಮಾವನ್ನು ಎದುರಿಸಿದ ಪ್ರಯತ್ನವಿದು. ಕರಾವಳಿಯಲ್ಲಿ ಮಳೆಗಾಲದ ನಾಲ್ಕು ತಿಂಗಳು ಡೇರೆ ನಿಲ್ಲದು. ಮೇಳದ ತಿರುಗಾಟ ದೀಪಾವಳಿಯ ನಂತರ ಹೊರಟು ಪತ್ತನಾಜೆಗೆ ಮುಗಿಯುತ್ತದೆ. ಸಂಚಾರಿ ಟಾಕೀಸಿನ ಡೇರೆಗೂ ಇದೇ ಋತುಮಾನವೇ ಸಾಧ್ಯ. ಕಾಪುವಿನಂಥ ಕಡಲತಡಿಯ ಪೇಟೆಯಲ್ಲಾಗಲಿ, ಕಾರ್ಕಳದಂಥ ಒಳನಾಡಿನ ಪೇಟೆಯಲ್ಲಾಗಲಿ, ಕೊಯ್ಲಿನ ನಂತರದ ಅದೇ ತಿಂಗಳುಗಳಲ್ಲಿ ಕೈಗೆ ಬಂದ ಅದೇ ದುಡ್ಡಿಗಾಗಿ ಆಟ, ನಾಟಕ, ಸಿನಿಮಾಗಳು ಸ್ಪರ್ಧಿಸಬೇಕಿತ್ತು.

ಈ ಪರಿಸರದ ಶಿವರಾಮ ಕಾರಂತರ ಪ್ರಯೋಗಗಳನ್ನು ಇಲ್ಲಿಟ್ಟು ನೋಡಿದರೆ ಅವುಗಳಿಗೆ ಬೇರೆ ಅರ್ಥ ಬರುತ್ತದೆ. ಕೋಟದಲ್ಲಿ 1902ರಲ್ಲಿ ಜನಿಸಿದ ಕಾರಂತರು 'ಡೊಮಿಂಗೊ' (1930) ಮತ್ತು 'ಭೂತರಾಜ್ಯ' (1931) ಎಂಬ ಎರಡು ಮೂಕಿ ಚಿತ್ರಗಳನ್ನು ತಯಾರಿಸಿದರು. ದೇಶ ಮಾತಿನ ಚಿತ್ರದತ್ತ ಹೊರಳುತ್ತಿದ್ದ ವರ್ಷಗಳಲ್ಲಿ, ಮುಗ್ಗಟ್ಟು ಬಿಗಿಯಾಗುತ್ತಿದ್ದ ವರ್ಷಗಳಲ್ಲಿ, ನಾಟಕ ಕಂಪೆನಿಯ ಬೆಂಬಲವಿಲ್ಲದೆ ಒಬ್ಬ ಲೇಖಕ ಕ್ಯಾಮರಾ ಹಿಡಿದದ್ದು ಸಾಹಸವೇ. ಬೆಂಗಳೂರಿನ ವಾಕ್ಚಿತ್ರಕ್ಕೆ ದೊರೆತ ಸಿದ್ಧ ಬಂಡವಾಳ, ಅಂದರೆ ಹಾಡು, ಹಾಡುವ ನಟ, ಪಳಗಿದ ಕಥೆ, ಯಾವುದೂ ಅವರಿಗಿರಲಿಲ್ಲ. ಮುಂದೆ ದಶಕಗಳ ಕಾಲ ಅವರು ಚಿತ್ರ ನಿರ್ದೇಶನದಿಂದ ದೂರವಿದ್ದು, 1978ರ 'ಮಲೆಯ ಮಕ್ಕಳು' ಚಿತ್ರದಲ್ಲಿ ಮತ್ತೆ ಅದಕ್ಕೆ ಮರಳಿದರು. ಚಲನಚಿತ್ರಕ್ಕೆ ದಕ್ಕದ ಸಂಗೀತ ಅವರಲ್ಲಿ 'ಕಿಸಾ ಗೋತಮಿ'ಯಂಥ ಗೀತನಾಟಕವಾಗಿ ಬಂದಿತು. ಗೀತನಾಟಕಕ್ಕೆ ಫಿಲ್ಮು ಬೇಡ, ಸ್ಟುಡಿಯೋ ಬೇಡ. ಕನ್ನಡದ ಗೀತನಾಟಕವನ್ನು ಶುದ್ಧ ಕಲಾಪ್ರಯೋಗವೆಂದು ಓದುವವರು ಈ ಅಗ್ಗದ ಗುಣವನ್ನೂ ಪರಿಗಣಿಸಬೇಕಾದೀತು.

ಮುಗ್ಗಟ್ಟಿನ ನೇರ ಸಾಕ್ಷ್ಯ ಮಾತ್ರ ಕಾರಂತರ ಕಾದಂಬರಿಗಳಲ್ಲಿದೆ. 'ಚೋಮನ ದುಡಿ' ಪ್ರಕಟವಾದದ್ದು 1933ರಲ್ಲಿ, ಅಂದರೆ 'ಗೋಲ್ಡ್ ಡಿಗರ್ಸ್' ಚಿತ್ರದ ವರ್ಷವೇ. ಘಟ್ಟದ ಕಾಫಿ ತೋಟದ ಸಾಲ ಚೋಮನ ಮಕ್ಕಳನ್ನು ಒಬ್ಬೊಬ್ಬರಾಗಿ ಕಸಿಯುತ್ತದೆ. ಅವನಿಗೆ ಉಳಿಯುವುದು ದುಡಿಯ ನಾದ. ಅಮೆರಿಕದ ಚಿತ್ರದಲ್ಲಿ ಸಾಲ ಹಾಡನ್ನು ನಿಲ್ಲಿಸುತ್ತದೆ, ಇಲ್ಲಿ ಸಾಲ ಬೆಳೆದಂತೆ ವಾದ್ಯ ಜೋರಾಗುತ್ತದೆ. ಇದು ಓದಿನ ಮಟ್ಟದ ಹೋಲಿಕೆಯೇ ಹೊರತು ಪ್ರಭಾವದ ಮಾತಲ್ಲ. 'ಮರಳಿ ಮಣ್ಣಿಗೆ'ಯಲ್ಲಿ ಓದಿದ ರಾಮ ಉದ್ಯೋಗವಿಲ್ಲದೆ ಮದರಾಸು, ಮುಂಬಯಿಗಳನ್ನು ಅಲೆದು ಊರಿಗೆ ಬರುತ್ತಾನೆ; ಅಲ್ಲಿಯೂ ನಾಗವೇಣಿಯ ಪಿಟೀಲು ಕಷ್ಟದ ನಡುವಿನ ಸಂಗಾತಿ. ಈ ಎರಡು ಕೃತಿಗಳಲ್ಲಿ ಸಂಗೀತ ದುಃಖವನ್ನು ಮರೆಸುವುದಕ್ಕಿಂತ ಅದಕ್ಕೆ ದನಿ ಕೊಡುತ್ತದೆ. ರಾಮನ ಅಲೆದಾಟ ಕಲ್ಪನೆಯೇ ಆದರೂ ಆ ದಾರಿ ನಿಜವಾದದ್ದು. ಕಾರ್ಕಳದ ಬಳಿಯ ಕಡಂದಲೆಯಿಂದ ಹೊರಟ ಕೆ. ಕೃಷ್ಣರಾಯರು ಮದರಾಸಿನಲ್ಲಿ ಹೋಟೆಲು ಕೆಲಸದಿಂದ ಮೇಲೆ ಬಂದು 1938ರಲ್ಲಿ ವುಡ್‌ಲ್ಯಾಂಡ್ಸ್ ತೆರೆದರು. ಅವರಂತೆ ಗೆದ್ದವರು ಕೆಲವರು. ದೋಸೆಕಾವಲಿಯ ಮುಂದೆ ನಿಂತ ಹೆಸರಿಲ್ಲದ ಹುಡುಗರು ಬಹಳ. ದಕ್ಷಿಣದ ಚಿತ್ರೋದ್ಯಮ ನೆಲೆಯೂರಿದ್ದೂ ಅದೇ ಮದರಾಸಿನಲ್ಲಿ.

ಸಾಲದ ವಸ್ತು ಪರದೆಯ ಮೇಲೆ ಬರಲೇ ಇಲ್ಲವೆಂದಲ್ಲ. ಪುರಾಣದ ವೇಷದಲ್ಲಿ ಅದು ಬಂದಿತು. ಹರಿಶ್ಚಂದ್ರನ ಕಥೆಯನ್ನು ಸತ್ಯದ ಕಥೆಯೆಂದು ಓದುವುದು ರೂಢಿ; ರಾಘವಾಂಕನಿಂದ ಯಕ್ಷಗಾನ ಪ್ರಸಂಗದವರೆಗೆ ಅದು ಸಾಲದ ಕಥೆಯೂ ಹೌದು. ಋಣ ತೀರಿಸಲು ಹೆಂಡತಿ, ಮಗ, ಕೊನೆಗೆ ತನ್ನನ್ನೇ ಮಾರಿಕೊಳ್ಳುವ ದೊರೆ, ಗಡುವು ಹಿಡಿದು ಕಾಡುವ ವಸೂಲಿಯ ನಕ್ಷತ್ರಿಕ, ಇವರನ್ನು ಸಾಹುಕಾರನ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ ಪ್ರೇಕ್ಷಕ ಹೇಗೆ ನೋಡಿರಬಹುದೆಂದು ಊಹಿಸುವುದು ಕಷ್ಟವಲ್ಲ. ಆರ್. ನಾಗೇಂದ್ರರಾಯರ 'ಸತ್ಯ ಹರಿಶ್ಚಂದ್ರ' ಬಂದದ್ದು 1943ರಲ್ಲಿ, ಯುದ್ಧದ ಕೊರತೆಯ ನಡುವೆ. 1942ರಲ್ಲಿ ಸರಕಾರ ಕಥಾಚಿತ್ರದ ಉದ್ದವನ್ನು 11,000 ಅಡಿಗಳಿಗೆ ಮಿತಗೊಳಿಸಿತ್ತು. ನಿಮಿಷಕ್ಕೆ 90 ಅಡಿಯ ಲೆಕ್ಕದಲ್ಲಿ ಇದು ಎರಡು ಗಂಟೆಗೆ ತುಸು ಮೇಲಷ್ಟೇ. 'ಸತಿ ಸುಲೋಚನ'ದ ಗಾತ್ರದ ಚಿತ್ರಕ್ಕೆ ಆಗ ಎಡೆಯಿರಲಿಲ್ಲ. ಈ ಕನ್ನಡ ಚಿತ್ರಕ್ಕೆ 1944ರಲ್ಲಿ ತಮಿಳಿನ ಧ್ವನಿ ಕೂಡಿಸಲಾಯಿತು; ಭಾರತದ ಮೊದಲ ಡಬ್ಬಿಂಗ್ ಚಿತ್ರಗಳಲ್ಲಿ ಇದರ ಹೆಸರಿದೆ. ಒಮ್ಮೆ ಖರ್ಚಾದ ಫಿಲ್ಮಿನಿಂದ ಎರಡು ಭಾಷೆಯ ಗಳಿಕೆ! ಮುಗ್ಗಟ್ಟಿನ ಎರಡನೆಯ ಹಂತದಲ್ಲಿ ಉಳಿತಾಯದ ಉಪಾಯ ಕಂಠದಿಂದ ಧ್ವನಿಪಟ್ಟಿಗೆ ಸರಿದದ್ದು ಹೀಗೆ. ಮುಂದೆ ಹುಣಸೂರು ಕೃಷ್ಣಮೂರ್ತಿಯವರ ನಿರ್ದೇಶನದಲ್ಲಿ ರಾಜಕುಮಾರ್ ಹರಿಶ್ಚಂದ್ರನಾಗಿ ಬಂದದ್ದು 1965ರಲ್ಲಿ, ಯುದ್ಧ ಮತ್ತು ಆಹಾರ ಕೊರತೆಯ ವರ್ಷ. ಇಲ್ಲಿ ಕಾರ್ಯಕಾರಣ ಸಂಬಂಧ ಕಲ್ಪಿಸುವುದು ಅತಿಯಾದೀತು. ಕಷ್ಟ ಯಾವ ವರ್ಷಕ್ಕೂ ಕಡಿಮೆಯಿರುವುದಿಲ್ಲ.

ತುಳು ಚಿತ್ರರಂಗ ಈ ಚರ್ಚೆಗೆ ಒಳ್ಳೆಯ ಪರೀಕ್ಷೆ. ಮೊದಲ ತುಳು ಚಿತ್ರ 'ಎನ್ನ ತಂಗಡಿ' 1971ರಲ್ಲಿ ಬಂದಿತು. 1973ರಲ್ಲಿ ವಿಶುಕುಮಾರ್ ಅವರ 'ಕೋಟಿ ಚೆನ್ನಯ', ಗರಡಿಗಳಲ್ಲಿ ಆರಾಧನೆ ಪಡೆಯುವ, ಪಾಡ್ದನದಲ್ಲಿ ಹಾಡಲ್ಪಡುವ ವೀರರ ಕಥೆಯನ್ನು ಪರದೆಗೆ ತಂದಿತು. ಮಾರುಕಟ್ಟೆ ಎರಡು ಮೂರು ತಾಲೂಕುಗಳಷ್ಟು ಕಿರಿದಾದಾಗ, ತೈಲ ಬೆಲೆ ಏರಿದ ಅಂಥ ವರ್ಷದಲ್ಲಿ, ಜನರ ನಾಲಗೆಯ ಮೇಲೆ ಈಗಾಗಲೇ ಇರುವ ಹಾಡುಕತೆಯೇ ಭದ್ರವಾದ ಹೂಡಿಕೆ. 2011ರಲ್ಲಿ 'ಒರಿಯರ್ದೊರಿ ಅಸಲ್' ತುಳು ಚಿತ್ರರಂಗಕ್ಕೆ ಹೊಸ ಚೈತನ್ಯ ನೀಡಿತು. ಅದೂ ಊರೂರಿನ ವೇದಿಕೆಗಳಲ್ಲಿ ಗೆದ್ದ ಅದೇ ಹೆಸರಿನ ನಾಟಕದಿಂದ ಬಂದ ಚಿತ್ರ. 1934ರ ಬೆಂಗಳೂರಿನ ಲೆಕ್ಕಾಚಾರ 77 ವರ್ಷಗಳ ನಂತರ ತುಳುನಾಡಿನಲ್ಲಿ ಮರುಕಳಿಸಿದಂತಾಯಿತು.

'ಸತಿ ಸುಲೋಚನ'ದ ಪ್ರತಿ ಇಂದು ಲಭ್ಯವಿಲ್ಲ. ಹಾಗಾಗಿ ಆ ಕಾಲದ ಚಿತ್ರಗಳ ಅಧ್ಯಯನ ಪರದೆಯ ಹೊರಗಿನ ಆಕರಗಳನ್ನೇ ಅವಲಂಬಿಸಬೇಕು. ಚಿತ್ರಮಂದಿರದ ಬಾಗಿಲಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕಗಳು ಇವುಗಳಲ್ಲಿ ಮುಖ್ಯ. ಟಿಕೇಟಿಗೆ ದುಡ್ಡು ಹೊಂದಿಸಲಾಗದ ಮನೆಗೂ ಈ ತೆಳು ಪುಸ್ತಕ ಹೋಗಬಹುದಿತ್ತು. ಒಬ್ಬರು ಓದಿದರೆ ಹತ್ತು ಜನ ಕಲಿಯಬಹುದಿತ್ತು. ಉಡುಪಿಯ ಎಂ.ಜಿ.ಎಂ. ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರ ಮತ್ತು ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರಗಳು ಯಕ್ಷಗಾನ, ಪಾಡ್ದನಗಳ ವಿಷಯದಲ್ಲಿ ಮಾಡಿದ ಬಗೆಯ ಸಂಗ್ರಹಕಾರ್ಯ ಈ ಪುಸ್ತಕಗಳ ಬಗೆಗೂ ನಡೆಯಬೇಕಾಗಿದೆ. ಮನೆಗಳ ಅಟ್ಟದಲ್ಲಿ, ಹಳೆಯ ಪ್ರಸಂಗ ಪುಸ್ತಕಗಳ ಕಟ್ಟಿನೊಳಗೆ ಸೇರಿಹೋದ ಇಂಥ ಪ್ರತಿಗಳಲ್ಲಿ ಅಚ್ಚಾದ ಬೆಲೆ, ಮುದ್ರಣಾಲಯದ ಹೆಸರು, ಅಂಚಿನಲ್ಲಿ ಯಾರೋ ಪೆನ್ಸಿಲಿನಿಂದ ಗುರುತು ಹಾಕಿಕೊಂಡ ರಾಗ, ಇವೆಲ್ಲ ಸಿಗುವ ಸಾಧ್ಯತೆ ಇದೆ.